ತೂಕಕ್ಕೆ ಹಾಕುವ ಮುನ್ನ ಒಂದು ಪುಟ ತಿರುವಿ

ಮಾನ್ಯರೆ,

ಮಳೆಗಾಲ ಹತ್ತಿರ ಬಂದು ಅಟ್ಟ, ಕಪಾಟು ಖಾಲಿ ಮಾಡುವಾಗ ಕಾರವಾರದ ರದ್ದಿ ಅಂಗಡಿಗಳಿಗೆ ಹಳೆಯ ಮಾಯಾಲೋಕದ ಕಾದಂಬರಿಗಳೂ ಕಿಲೋ ಲೆಕ್ಕದಲ್ಲಿ ಹೋಗುತ್ತವೆ. ನೌಕಾನೆಲೆ, ಕೈಗಾಗಳಿಂದ ವರ್ಗವಾಗಿ ಹೋಗುವವರು ಬಿಟ್ಟ ಇಂಗ್ಲಿಷ್ ಫ್ಯಾಂಟಸಿ ಪುಸ್ತಕಗಳೂ ಅದರಲ್ಲಿರುತ್ತವೆ. ತೂಕಕ್ಕೆ ಹಾಕುವ ಮುನ್ನ, ಅದು ಸಂಗ್ರಾಹಕರು ಹುಡುಕುವ ಮೊದಲ ಮುದ್ರಣದ ಪ್ರತಿಯೇ ಎಂದು ಶೀರ್ಷಿಕೆ ಪುಟದ ಹಿಂಬದಿಯಲ್ಲಿ ದಯವಿಟ್ಟು ನೋಡಿ.

ಕನ್ನಡ ಪುಸ್ತಕವಾದರೆ ‘ಮೊದಲ ಮುದ್ರಣ’, ಇಸವಿ, ಎಷ್ಟೋ ಸಲ ಪ್ರತಿಗಳ ಸಂಖ್ಯೆಯೂ ಅಲ್ಲೇ ಇರುತ್ತದೆ. ಇಂಗ್ಲಿಷಿನದು ತುಸು ತೊಡಕು. ಕೃತಿಸ್ವಾಮ್ಯದ ಇಸವಿ ಮರುಮುದ್ರಣದಲ್ಲೂ ಬದಲಾಗದ ಕಾರಣ ಅದೊಂದನ್ನೇ ನಂಬುವಂತಿಲ್ಲ. ಎಷ್ಟನೇ ಮುದ್ರಣವೆಂದು ತಿಳಿಸುವ ಅಂಕಿಗಳ ಸಾಲಿದ್ದರೆ, ಮೊದಲ ಮುದ್ರಣವಾಗಲು ಸಾಮಾನ್ಯವಾಗಿ ಅದರಲ್ಲಿ 1 ಉಳಿದಿರಬೇಕು. ಸಾಲಿನ ಅತಿ ಚಿಕ್ಕ ಅಂಕಿ 3 ಆಗಿದ್ದರೆ ಮೂರನೇ ಮುದ್ರಣ. 1969ರಿಂದ 1974ರವರೆಗೆ ಬ್ಯಾಲಂಟೈನ್ ಪ್ರಕಾಶನ ತಂದ, ಒಂಟಿಕೊಂಬಿನ ಕುದುರೆಯ ತಲೆಯ ಗುರುತಿನ ಮಾಲೆಯಲ್ಲಿ ಬಹುಪಾಲು ಹಿಂದೆಯೇ ಬಂದಿದ್ದ ಕೃತಿಗಳ ಮರುಪ್ರಕಟಣೆ. ಅದನ್ನು ಮೊದಲ ಆವೃತ್ತಿಯೆಂದು ಹೆಚ್ಚು ದುಡ್ಡು ಕೊಟ್ಟು ಕೊಳ್ಳಬೇಡಿ. ರಟ್ಟಿನ ಪುಸ್ತಕದ ಹೊರಗಿನ ಕಾಗದದ ಹೊದಿಕೆಯಲ್ಲಿ ಬೆಲೆಯಿಲ್ಲದೆ, ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ ಒತ್ತಿದ ಸಣ್ಣ ಗುಳಿಯಿದ್ದರೆ ಅದು ಬಹುಮಟ್ಟಿಗೆ ಬುಕ್‌ಕ್ಲಬ್ ತನ್ನ ಸದಸ್ಯರಿಗೆಂದು ಬೇರೆಯಾಗಿ ಅಚ್ಚು ಹಾಕಿಸಿದ ಪ್ರತಿ, ಮೊದಲ ಮುದ್ರಣವಲ್ಲ.

ಹರಿದಿದೆಯೆಂದು ಹೊದಿಕೆಯನ್ನು ಎಸೆಯಲೇಬೇಡಿ. ಟೋಲ್ಕಿನ್ ಬರೆದ 1937ರ ‘ದಿ ಹಾಬಿಟ್’ ಮೊದಲ ಸಲ 1500 ಪ್ರತಿ ಅಚ್ಚಾಯಿತು. ಹೊದಿಕೆಯ ಹಿಂದಿನ ಒಳಮಡಿಕೆಯಲ್ಲಿ ಒಂದು ಹೆಸರಿಗೆ ಹೆಚ್ಚಾಗಿ ಬಿದ್ದಿದ್ದ ‘e’ ಅಕ್ಷರವನ್ನು ಪೆನ್ನಿನಲ್ಲಿ ಹೊಡೆದುಹಾಕಿದ್ದರು. ಹೊದಿಕೆ ಹೋದರೆ ಆ ಗುರುತೂ ಹೋಯಿತು.

ಕರಾವಳಿಯಲ್ಲಿ ಸಿಕ್ಕಿದ್ದನ್ನು ಉಳಿಸಿಕೊಳ್ಳುವುದೇ ಕಷ್ಟ. ಗಾಳಿಯ ತೇವಾಂಶ ಶೇ 65 ದಾಟಿ ಕೆಲ ದಿನ ನಿಂತರೆ ಬೂಸ್ಟು ಏಳುತ್ತದೆ. ನಮ್ಮ ಮಳೆಗಾಲ ಇಡೀ ಅದಕ್ಕಿಂತ ಮೇಲೇ. ರಬ್ಬರ್ ಅಂಚಿನ ಮುಚ್ಚಳವಿರುವ 50 ಲೀಟರ್ ಡಬ್ಬಿಯಲ್ಲಿ ಬಟ್ಟೆ ಚೀಲಕ್ಕೆ ತುಂಬಿದ ಅರ್ಧ ಕಿಲೋ ಸಿಲಿಕಾ ಜೆಲ್ (ತೇವ ಹೀರುವ ಹರಳು), ಜೊತೆಗೊಂದು ತೇವಾಂಶ ಮಾಪಕ ಇಡಿ. ಮಾಪಕದ ಅಂಕಿ ಶೇ 45–55ರ ನಡುವೆ ಇರಲಿ. ತೀರಾ ಇಳಿದರೆ ಬೆನ್ನಿನ ಅಂಟು ಬಿರಿಯುತ್ತದೆ, ಆಗ ಸ್ವಲ್ಪ ಜೆಲ್ ಹೊರತೆಗೆಯಿರಿ. ಜೆಲ್‌ನ ಕಿತ್ತಳೆ ಹರಳು ತೇವ ಹೀರಿ ಹಸಿರಾದರೆ 120 ಡಿಗ್ರಿಯಲ್ಲಿ ಎರಡು ಗಂಟೆ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಹುಳ ಬಿದ್ದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಡೀಪ್ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ.

ಹುಳಕ್ಕಿಂತ ಹೆಚ್ಚು ಹಾಳು ಮಾಡುವುದು ಹೊಸ ಬೈಂಡಿಂಗ್. ಮೂರು ಕಡೆ ಅಂಚು ಕತ್ತರಿಸಿ, ಮೂಲ ಮುಖಪುಟ ಕಿತ್ತು, ಕ್ಯಾಲಿಕೊ ಬಟ್ಟೆ ಹೊದಿಸಿದರೆ ಸಂಗ್ರಾಹಕರು ಕೇಳುವ ಪ್ರತಿ ಅದಲ್ಲ. ಸೆಲ್ಲೋಟೇಪ್ ಅಂಟಿಸಿದರೆ ಕಂದು ಕಲೆ ಕಾಗದದೊಳಗೇ ಇಳಿಯುತ್ತದೆ. ಬಿಡಿಯಾದ ಪುಟಗಳಿದ್ದರೆ ಹತ್ತಿಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿಟ್ಟರೆ ಸಾಕು.

ಜಿಲ್ಲೆಯ ಗ್ರಂಥಾಲಯಗಳು ಹಳೆ ಪುಸ್ತಕಗಳನ್ನು ವಿಲೇವಾರಿ ಮಾಡುವಾಗ ಮೊದಲ ಮುದ್ರಣಗಳನ್ನು ಬೇರೆ ತೆಗೆದು, ಅವುಗಳ ಪಟ್ಟಿಯನ್ನು ಹರಾಜಿಗೆ ಒಂದು ತಿಂಗಳು ಮುಂಚೆ ಸೂಚನಾ ಫಲಕದಲ್ಲಿ ಹಾಕಲಿ.

– ಹಳೆ ಪುಸ್ತಕಗಳ ಸಂಗ್ರಾಹಕರು, ಕಾರವಾರ