ಸಂಗೀತದ ಊರಲ್ಲಿ ಒಂದು ಸಂಜೆ ಖಾಲಿ ಬಿಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಯುರೋಪ್ ಟೂರ್ ಜಾಹೀರಾತು ಜಾಸ್ತಿಯಾಗುತ್ತದೆ. ಈಗೀಗ ಡ್ಯಾನ್ಯೂಬ್ ನದಿಯ ಹಡಗಿನ ಪ್ರವಾಸವೂ ಅದರಲ್ಲಿ ಸೇರಿದೆ. ಹೋದ ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ ಹೋಗಿ ಬಂದೆವು. ಜರ್ಮನಿಯ ಪಾಸೌನಲ್ಲಿ ಹತ್ತಿ ಬುಡಾಪೆಸ್ಟ್‌ನಲ್ಲಿ ಇಳಿಯುವುದು, ನಡುವೆ ಆಸ್ಟ್ರಿಯಾದ ರಾಜಧಾನಿ, ಸಂಗೀತದ ಊರು ಅಂತಲೇ ಹೆಸರಾದ ವಿಯೆನ್ನಾದಲ್ಲಿ ಎರಡು ದಿನ. ಹೋಗುವವರಿಗೂ ಕಳಿಸುವವರಿಗೂ ಒಂದು ಮಾತು ಹೇಳಬೇಕು ಅನ್ನಿಸಿದೆ.

ನದಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆಸ್ಟ್ರಿಯಾದ ಮೆಲ್ಕ್‌ ಊರಿನಿಂದ ಕ್ರೆಮ್ಸ್‌ವರೆಗೆ ಎರಡೂ ದಡದಲ್ಲಿ ಗುಡ್ಡ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ದಾರಿಯಲ್ಲಿ ಅಣೆಕಟ್ಟು ಬಂದಾಗ ಹಡಗನ್ನು ಕಾಂಕ್ರೀಟ್ ತೊಟ್ಟಿಯೊಳಗೆ ನಿಲ್ಲಿಸಿ ನೀರು ಇಳಿಸುತ್ತಾರೆ. ಪಾಚಿ ಹಿಡಿದ ಒದ್ದೆ ಗೋಡೆ ಕೈಗೆಟುಕುವಷ್ಟು ಹತ್ತಿರದಲ್ಲಿ ಮೇಲೇಳುತ್ತಾ ಹೋಗುತ್ತದೆ. ಎಷ್ಟು ಸಲ ನೋಡಿದರೂ ಬೇಜಾರಾಗಲಿಲ್ಲ.

ಆದರೆ ವಿಯೆನ್ನಾ ಬಂದಾಗ ಡೆಕ್ ಮೇಲೆ ನಿಂತ ನಮಗೆ ಊರೇ ಕಾಣಲಿಲ್ಲ. ಪ್ರವಾಹ ತಡೆಯಲು 1870ರಿಂದ 1875ರವರೆಗೆ ನದಿಯನ್ನು ನೇರ ಮಾಡಿದ್ದಾರೆ. ಹಳೆಯ ಊರಿನ ಪಕ್ಕ ಈಗ ಹರಿಯುವುದು ಒಂದು ಕಾಲುವೆ ಮಾತ್ರ. ದೊಡ್ಡ ಹಡಗು ನಿಲ್ಲುವುದು ರೈಶ್ಸ್‌ಬ್ರೂಕೆ ಅನ್ನುವ ಸೇತುವೆ ಹತ್ತಿರ, ಅಲ್ಲಿಂದ ಊರೊಳಗೆ ಮೆಟ್ರೋದಲ್ಲಿ ಹತ್ತು ನಿಮಿಷ. ಇದನ್ನು ಮೊದಲೇ ಯಾರೂ ಹೇಳುವುದಿಲ್ಲ. ಹಾಗಾಗಿ ಎಲ್ಲರೂ ಟೂರಿನವರ ಬಸ್ಸನ್ನೇ ನಂಬಿಕೊಳ್ಳುತ್ತಾರೆ.

ನಮ್ಮ ಬಸ್ಸು ಅರಮನೆ ತೋರಿಸಿತು, ಅಂಗಡಿ ಬೀದಿ ತೋರಿಸಿತು. ರಾತ್ರಿ ಬೇರೆ ದುಡ್ಡು ಕಟ್ಟಿಸಿಕೊಂಡು ಒಂದು ಸಂಗೀತ ಕಛೇರಿಗೆ ಕರೆದೊಯ್ದರು. ಬಿಳಿ ವಿಗ್ ಹಾಕಿದ ವಾದ್ಯಗಾರರು. ಪ್ರತಿಯೊಂದೂ ಮೂರು ನಾಲ್ಕು ನಿಮಿಷದ ತುಣುಕು, ಕಿವಿ ಒಗ್ಗುವಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಮುಂದಿನ ಸಾಲಿನವರೆಲ್ಲ ಫೋನ್ ಎತ್ತಿ ಹಿಡಿದಿದ್ದರು. ನುಡಿಸುವವರ ಮೇಲೆ ನನಗೆ ಕೋಪವಿಲ್ಲ. ಅಷ್ಟು ದೂರದಿಂದ ಬಂದ ನಮಗೆ ಇಷ್ಟೇ ಸಾಕು ಅಂದುಕೊಂಡವರ ಮೇಲೆ ಬೇಸರವಾಯಿತು.

ಮರುದಿನ ನಾವಿಬ್ಬರೂ ಬಸ್ ಹತ್ತಲಿಲ್ಲ. 71ನೇ ನಂಬರ್ ಟ್ರಾಮ್ ಹಿಡಿದು ಊರಾಚೆಯ ದೊಡ್ಡ ಸ್ಮಶಾನಕ್ಕೆ ಹೋದೆವು. ಎರಡನೇ ಗೇಟಿನ ಒಳಗೆ ಸ್ವಲ್ಪ ನಡೆದರೆ ಪಾಶ್ಚಾತ್ಯ ಸಂಗೀತದ ದೊಡ್ಡ ರಚನೆಕಾರ ಬೀಥೋವನ್ ಸಮಾಧಿ. ಕಲ್ಲಿನ ಮೇಲೆ ಬರೀ ಹೆಸರು, ಬೇರೆ ಹೊಗಳಿಕೆ ಏನೂ ಇಲ್ಲ. ಪಕ್ಕದಲ್ಲೇ ಇನ್ನೊಬ್ಬ ರಚನೆಕಾರ ಶೂಬರ್ಟ್. 1827ರಲ್ಲಿ ಬೀಥೋವನ್ ಶವಯಾತ್ರೆಯಲ್ಲಿ ಪಂಜು ಹಿಡಿದು ನಡೆದ ಹುಡುಗ, ಮರುವರ್ಷ ತಾನೂ ಹೋಗಿಬಿಟ್ಟ, 31 ವರ್ಷಕ್ಕೇ. ಬೇರೆ ಕಡೆ ಇದ್ದ ಇಬ್ಬರನ್ನೂ 1888ರಲ್ಲಿ ಇಲ್ಲಿಗೆ ತಂದರಂತೆ. ನಮ್ಮ ತ್ಯಾಗರಾಜರು ಬೀಥೋವನ್‌ಗಿಂತ ಮೂರೇ ವರ್ಷ ದೊಡ್ಡವರು. ತಿರುವೈಯಾರಿನಲ್ಲಿ, ಕಾವೇರಿ ದಡದಲ್ಲಿ ಅವರ ಸಮಾಧಿಗೆ ಗುಡಿ ಕಟ್ಟಿಸಿದ್ದು ನಂಜನಗೂಡಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಬೀಥೋವನ್ ಸಮಾಧಿ ಮುಂದೆ ನಿಂತಾಗ ಆಕೆಯ ನೆನಪು ಬಂತು, ಹೆಂಡತಿಯ ಕಣ್ಣು ಒದ್ದೆಯಾಯಿತು.

ಸಂಜೆ ಒಪೆರಾ ಮಂದಿರಕ್ಕೆ ಹೋದೆವು. ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಅಲ್ಲಿ ನಿಂತು ನೋಡುವ ಜಾಗ ನಾನೂರಕ್ಕೂ ಹೆಚ್ಚಿದೆ, ಟಿಕೆಟ್ ಅವತ್ತೇ ಸಿಗುತ್ತದೆ. ಒಬ್ಬರಿಗೆ ಇಪ್ಪತ್ತು ಯೂರೋ ಸಹ ಆಗಲಿಲ್ಲ, ಹಿಂದಿನ ರಾತ್ರಿ ಕೊಟ್ಟಿದ್ದಕ್ಕಿಂತ ಎಷ್ಟೋ ಕಡಿಮೆ. ಕೋಟು ಟೈ ಬೇಕಿಲ್ಲ. ಪಕ್ಕದ ಅಜ್ಜಿಯೊಬ್ಬರು ನನ್ನ ಹೆಂಡತಿಯ ಶಾಲು ತೋರಿಸಿ, ಕಂಬಿಗೆ ಕಟ್ಟು ಅಂತ ಸನ್ನೆ ಮಾಡಿದರು. ಕಟ್ಟಿದರೆ ಜಾಗ ನಿಮ್ಮದು, ಹೋಗಿ ಕಾಫಿ ಕುಡಿದು ಬರಬಹುದು. ನಮ್ಮ ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿದ ಹಾಗೇ ಅಲ್ವಾ!

ಅವತ್ತು ರಚನೆಕಾರ ಮೊಜಾರ್ಟ್‌ನ 'ಫಿಗಾರೊ' ಅನ್ನುವ ಒಪೆರಾ ಇತ್ತು. ಅವನು ಅದನ್ನು ಬರೆದ ಮನೆ ಅಲ್ಲಿಂದ ಕಾಲ್ನಡಿಗೆಯ ದೂರ, ಮೊದಲು ಆಡಿಸಿದ್ದೂ ಇದೇ ಊರಲ್ಲಿ, 1786ರಲ್ಲಿ. ಅಷ್ಟು ದೊಡ್ಡ ಒಪೆರಾ ಮಂದಿರದಲ್ಲಿ ಮೈಕ್ ಇಲ್ಲ. ಹಾಡುವವರ ಬರೀ ದನಿ ಮೇಲಿನ ಕೊನೆಯ ಸಾಲಿಗೂ ಬರುತ್ತದೆ, ಪಿಸುಮಾತಿನಷ್ಟು ಮೆತ್ತಗೆ ಹಾಡಿದರೂ ಬರುತ್ತದೆ. ಸಣ್ಣ ಸಭೆಗೂ ಕಿವಿಗಡಚಿಕ್ಕುವ ಸ್ಪೀಕರ್ ಇಡುವ ನಮ್ಮೂರಿನಿಂದ ಹೋದ ನನಗೆ ಅದೊಂದೇ ಸಾಕಾಗಿತ್ತು. ಕಾಲು ನೋವು ಗೊತ್ತಾಗಿದ್ದು ಹೊರಗೆ ಬಂದ ಮೇಲೆ.

ಟೂರ್ ಕಂಪನಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ವಿಯೆನ್ನಾದಲ್ಲಿ ಒಂದು ಸಂಜೆ ಖಾಲಿ ಬಿಡಿ, ಹಡಗು ಅವತ್ತು ಎಷ್ಟು ಗಂಟೆಗೆ ಹೊರಡುತ್ತದೆ ಅಂತ ಮೊದಲೇ ಬರೆದು ಕೊಡಿ. ಹೋಗುವವರು ದುಡ್ಡು ಕಟ್ಟುವ ಮುಂಚೆ ಇದನ್ನು ಕೇಳಿ. ಜುಲೈ, ಆಗಸ್ಟ್‌ನಲ್ಲಿ ಒಪೆರಾ ಬಾಗಿಲು ಹಾಕಿರುತ್ತದೆ, ಏಪ್ರಿಲ್ ಮೇ ಒಳ್ಳೆಯದು.

ರಾತ್ರಿ ಹನ್ನೊಂದರ ಹೊತ್ತಿಗೆ ಹಡಗಿಗೆ ವಾಪಸ್ ಬಂದಾಗ ನಮ್ಮ ಗುಂಪಿನವರು ಇನ್ನೂ ಮಾತಾಡುತ್ತಾ ಕೂತಿದ್ದರು. ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಿದರು, ಹೇಳಿದೆವು. ಅವರಲ್ಲಿ ವೀಣೆ ಟೀಚರ್ ಒಬ್ಬರಿದ್ದರು, ಮೂವತ್ತು ವರ್ಷ ಪಾಠ ಹೇಳಿದವರು. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ನಂಗೆ ಯಾರೂ ಹೇಳಲೇ ಇಲ್ಲ" ಅಂದರು. ಅದಕ್ಕೇ ಈ ಪತ್ರ.

— ಒಬ್ಬ ಓದುಗ, ಮೈಸೂರು