ಅಪ್ಪಯ್ಯ ಮತ್ತೆ ಮರ ಹತ್ತಿದರು

ಮೊನ್ನೆ ಗುರುವಾರ ಬೆಳಿಗ್ಗೆ ನಮ್ಮ ಅಪ್ಪಯ್ಯ ಅಡಿಕೆ ಮರ ಹತ್ತಿದರು. ಹದಿನಾರು ತಿಂಗಳ ಮೇಲೆ. ಒಂದೇ ಮರ, ಎರಡೇ ಅಡಿಕೆ ಗೊನೆ. ಕೆಳಗೆ ನಿಂತ ನನ್ನ ಕೈ ನಡುಗುತ್ತಿತ್ತು, ಮೇಲೆ ಅವರ ಕೈ ನಡುಗಲಿಲ್ಲ. ಈ ದಿನ ಬಂದರೆ ಎಲ್ಲರ ಎದುರು ಕೃತಜ್ಞತೆ ಹೇಳಬೇಕು ಅಂತ ಆಗಲೇ ಅಂದುಕೊಂಡಿದ್ದೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಅಪ್ಪಯ್ಯ ಕೊನೆಗಾರರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು, ವಯಸ್ಸು 54. ಕಳೆದ ವರ್ಷ ಜುಲೈ ಮಳೆಯಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಮರದ ಮೇಲೆ ಬೋರ್ಡೋ ಔಷಧಿ ಹೊಡೆಯುವಾಗ ಕಾಲು ಜಾರಿತು. ಬಲಗೈಯಲ್ಲಿ ಮರ ಹಿಡಿದುಕೊಂಡಿದ್ದರಿಂದ ನೆಲಕ್ಕೆ ಬೀಳಲಿಲ್ಲ, ಆದರೆ ಮೈಭಾರವೆಲ್ಲ ಆ ಒಂದು ಭುಜದ ಮೇಲೆ ಬಿತ್ತು. ಎಕ್ಸ್-ರೇಯಲ್ಲಿ ಮೂಳೆ ಸರಿಯಾಗಿಯೇ ಇತ್ತು. ಮೊದಲು ತೋರಿಸಿದ ಕಡೆ ಅಂಗಿಯನ್ನೂ ಬಿಚ್ಚಿಸದೆ ‘ಫ್ರೋಜನ್ ಶೋಲ್ಡರ್’, ಭುಜದ ಕೀಲು ಬಿಗಿದುಕೊಂಡಿದೆ ಅಂದುಬಿಟ್ಟರು. ಎರಡು ತಿಂಗಳು ಗೋಡೆ ಹಿಡಿದು ಕೈ ಏರಿಸುವ ವ್ಯಾಯಾಮ, ರಾತ್ರಿ ನನ್ನ ಎಣ್ಣೆ ತಿಕ್ಕುವಿಕೆ. ಆ ಮಗ್ಗುಲಲ್ಲಿ ಮಲಗಲಾಗದೆ ಕುರ್ಚಿಯಲ್ಲೇ ಬೆಳಗು ಮಾಡುತ್ತಿದ್ದರು. ಪಂಚೆ ಕಟ್ಟಿಕೊಳ್ಳುವುದಕ್ಕೂ ಅಮ್ಮ ಬೇಕಿತ್ತು.

ಸೆಪ್ಟೆಂಬರಿನಲ್ಲಿ ಶಿವಮೊಗ್ಗದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಮೇಡಂ ಸಿಕ್ಕರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ‘ಅಂಗಿ ತೆಗೀರಿ ಯಜಮಾನ್ರೇ’ ಅಂತ ಹೇಳಿ ಹಿಂದೆ ಹೋಗಿ ನಿಂತರು. ಬಹಳ ಹೊತ್ತು ಬರೀ ನೋಡಿದರು. ಆಮೇಲೆ ನನ್ನನ್ನು ಕರೆದು, ಬಲಗಡೆ ಬೆನ್ನಿನ ರೆಕ್ಕೆ ಮೂಳೆಯ ಮೇಲ್ಭಾಗಕ್ಕೆ ನನ್ನ ಬೆರಳು ಇಡಿಸಿದರು. ಅಲ್ಲಿ ಗುಳಿ ಬಿದ್ದಿತ್ತು. ಎಡಗಡೆ ಅದೇ ಜಾಗ ತುಂಬಿಕೊಂಡಿತ್ತು. ದಿನಾ ರಾತ್ರಿ ಅದೇ ಬೆನ್ನಿಗೆ ಎಣ್ಣೆ ತಿಕ್ಕಿದವಳು ನಾನು, ನನಗೆ ಗೊತ್ತೇ ಆಗಿರಲಿಲ್ಲ.

ಭುಜದ ನೋವು ಕುತ್ತಿಗೆಯಿಂದಲೂ ಇಳಿದು ಬರಬಹುದು ಅಂತ ಮೊದಲು ಕುತ್ತಿಗೆ ತಿರುಗಿಸಿ, ಬಾಗಿಸಿ ನೋಡಿದರು. ಆಮೇಲೆ ಭುಜ. ಪ್ರತಿಯೊಂದನ್ನೂ ನೋವಿಲ್ಲದ ಎಡಗೈಯಲ್ಲಿ ಮಾಡಿಸಿಕೊಂಡೇ ಬಲಗೈಗೆ ಬರುತ್ತಿದ್ದರು. ‘ನೀವೇ ಎತ್ತಿ’ ಅಂದಾಗ ಕೈ ಎದೆಮಟ್ಟಕ್ಕೆ ಬಂದು ನಿಂತಿತು, ಭುಜ ಕಿವಿಯ ಕಡೆ ಕುಪ್ಪಳಿಸಿತು. ‘ಈಗ ಕೈ ಸಡಿಲ ಬಿಡಿ, ನಾನು ಎತ್ತುತ್ತೇನೆ’ ಅಂತ ಮಲಗಿಸಿ, ನಿಧಾನಕ್ಕೆ ಕೈಯನ್ನು ಕಿವಿಯ ಪಕ್ಕದವರೆಗೂ ಒಯ್ದರು. ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಹೊರಗೆ ತಿರುಗಿಸಿದರೂ ಪೂರ್ತಿ ತಿರುಗಿತು. ಕೊನೆಗೆ ಕೈ ಮುಂದಕ್ಕೆ ಚಾಚಿ ಹೆಬ್ಬೆರಳು ಕೆಳಗೆ ಮಾಡಿಸಿ, ತಮ್ಮ ಎರಡು ಬೆರಳಿಂದ ಅದುಮಿದರು. ಐವತ್ತಡಿ ಮರ ಹತ್ತುತ್ತಿದ್ದ ಕೈ ಎರಡು ಬೆರಳಿಗೆ ಕುಸಿದುಬಿತ್ತು. ಅಪ್ಪಯ್ಯ ಮುಖ ಆಚೆ ತಿರುಗಿಸಿಕೊಂಡರು.

ಮೇಡಂ ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ನಿಜವಾದ ಫ್ರೋಜನ್ ಶೋಲ್ಡರಿನಲ್ಲಿ ಕೀಲಿನ ಸುತ್ತಲಿನ ಚೀಲವೇ ಬಿಗಿದುಕೊಂಡಿರುತ್ತದೆ. ತಾನು ಎತ್ತಿದರೂ ಅಷ್ಟೇ, ಬೇರೆಯವರು ಎತ್ತಿದರೂ ಅಷ್ಟೇ, ಅದರಲ್ಲೂ ಹೊರಗೆ ತಿರುಗುವುದೇ ಇಲ್ಲ. ಬೇರೆಯವರು ಎತ್ತಿದರೆ ಬರುತ್ತದೆ, ತಾನು ಎತ್ತಿದರೆ ಬರುವುದಿಲ್ಲ, ಅದುಮಿದರೆ ಶಕ್ತಿಯಿಲ್ಲ ಅಂದರೆ ಕೈ ಎತ್ತುವ ಸ್ನಾಯುವಿನ ಮೇಲೆ ಅನುಮಾನ ಪಡಬೇಕು. ತಾನೇ ಆಡಿಸುವುದು, ಬೇರೆಯವರು ಆಡಿಸುವುದು, ತಡೆದು ನೋಡುವುದು, ಈ ಮೂರನ್ನೂ ಬೇರೆ ಬೇರೆಯಾಗಿ ನೋಡುವ ಕ್ರಮವನ್ನು ಕಳೆದ ಶತಮಾನದಲ್ಲಿ ಬೆಳೆಸಿದವರು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿದ್ದ ಜೇಮ್ಸ್ ಸಿರಿಯಾಕ್ಸ್ ಅಂತೆ. ಅವರಿಗೂ ನಮ್ಮ ಮನೆಯ ನಮಸ್ಕಾರ.

ಸ್ಕ್ಯಾನ್ ಬೇಡ ಅಂತ ಮೇಡಂ ಹೇಳಲಿಲ್ಲ. ವಯಸ್ಸಾದಂತೆ ನೋವೇ ಇಲ್ಲದವರ ಭುಜದಲ್ಲೂ ಸ್ನಾಯುರಜ್ಜು ಹರಿದದ್ದು ಸ್ಕ್ಯಾನಿನಲ್ಲಿ ಕಾಣಿಸಬಹುದು, ಅದಕ್ಕೇ ಮೊದಲು ಕೈಯಿಂದ ನೋಡಬೇಕು ಅಂದರು. ಯಾವ ಸ್ನಾಯು ನೋಡಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಆ ಗುಳಿ ಬಿದ್ದ ಜಾಗದಲ್ಲಿರುವ, ಕೈ ಎತ್ತುವ ಸ್ನಾಯು ಸುಪ್ರಾಸ್ಪೈನೇಟಸ್. ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಪೂರ್ತಿ ಹರಿದದ್ದು ಸ್ಕ್ಯಾನಿನಲ್ಲಿ ಕಂಡಿತು. ಅಕ್ಟೋಬರಿನಲ್ಲಿ ಸಣ್ಣ ತೂತು ಮಾಡಿ ಹೊಲಿದರು. ಆರು ವಾರ ಕೈಗೆ ಜೋಲಿ, ಆಮೇಲೆ ತಿಂಗಳುಗಟ್ಟಲೆ ರಬ್ಬರ್ ಪಟ್ಟಿ ಎಳೆಯುವುದು. ಆಪರೇಷನ್ ಮಾಡಿದ ಸರ್ಜನ್ನರಿಗೂ, ಡ್ರೆಸ್ಸಿಂಗ್ ಮಾಡಿದ ಸಿಸ್ಟರುಗಳಿಗೂ ಕೈ ಮುಗಿಯುತ್ತೇನೆ.

ಊರಿನ ಋಣ ಇನ್ನೂ ದೊಡ್ಡದು. ಕೊಯ್ಲು ಶುರುವಾಗುವ ಹೊತ್ತಿಗೆ ಅಪ್ಪಯ್ಯ ಜೋಲಿ ಹಾಕಿಕೊಂಡು ಜಗಲಿಯಲ್ಲಿದ್ದರು. ಜೊತೆಯ ಮೂವರು ಕೊನೆಗಾರರು ಅವರು ಒಪ್ಪಿಕೊಂಡಿದ್ದ ತೋಟಗಳನ್ನೆಲ್ಲ ಕೊಯ್ದು, ಅವರ ಪಾಲು ಅಂತ ಒಂದಿಷ್ಟು ದುಡ್ಡು ಅಮ್ಮನ ಕೈಗೆ ತಂದಿಟ್ಟರು. ಅಮ್ಮ ಬೇಡವೆಂದದ್ದಕ್ಕೆ ‘ಅಣ್ಣ ನಮಗೆ ಮರ ಹತ್ತೋದು ಕಲಿಸಿದ್ದಕ್ಕೆ ಲೆಕ್ಕ ಇಟ್ಟಿದ್ದನಾ ಅತ್ತಿಗೆ?’ ಅಂತ ಕೇಳಿದರಂತೆ. ತೋಟದ ಯಜಮಾನರೂ ಬೇರೆಯವರನ್ನು ಹುಡುಕಲಿಲ್ಲ.

ಇನ್ನು ದೋಟಿ (ಗೊನೆ ಕೊಯ್ಯುವ ಉದ್ದ ಕೋಲು) ಹಿಡಿಯುವುದು ಕಡಿಮೆ ಮಾಡಿ, ದಿನಕ್ಕೆ ಇಷ್ಟೇ ಮರ ಅಂತ ಮೇಡಂ ಕಟ್ಟಪ್ಪಣೆ ಮಾಡಿದ್ದಾರೆ. ಸೋಮವಾರ ಮತ್ತೆ ತೋರಿಸಲು ಹೋಗುತ್ತಿದ್ದೇವೆ. ರೆಕ್ಕೆ ಮೂಳೆಯ ಮೇಲಿನ ಗುಳಿ ಪೂರ್ತಿ ತುಂಬಿಲ್ಲ. ಆದರೆ ನಿನ್ನೆ ರಾತ್ರಿ ಅಲ್ಲಿ ಬೆರಳಿಟ್ಟು ‘ಎತ್ತಿ ಅಪ್ಪಯ್ಯ’ ಅಂದೆ. ಚರ್ಮದ ಅಡಿಯಲ್ಲಿ ಸ್ನಾಯು ಗಟ್ಟಿಯಾಗಿ ಬೆರಳನ್ನು ಮೇಲಕ್ಕೆ ನೂಕಿತು.