ಔಷಧಿ ಇದೆ ಅಂದರೆ ಹೊರಗೆ ಚೀಟಿ ಯಾಕೆ?

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧಿಗೆ ಯಾವ ಕೊರತೆಯೂ ಇಲ್ಲ ಎಂದು ಅಧಿಕಾರಿಗಳು ಹೇಳಿರುವುದನ್ನು ನಿನ್ನೆಯ ಜಿಲ್ಲಾ ಪುಟದಲ್ಲಿ ಓದಿ ಮೈಯೆಲ್ಲಾ ಉರಿಯಿತು. ಹೇಳಿದವರು ಆ ಔಷಧಿ ಕೌಂಟರಿನ ಮುಂದೆ ಯಾವತ್ತಾದರೂ ಸಾಲಿನಲ್ಲಿ ನಿಂತಿದ್ದಾರಾ?

ನಿನ್ನೆ ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಬಿಪಿ, ಶುಗರ್ ಎರಡೂ ಇವೆ. ಬೇಕಾದದ್ದು ಅಮ್ಲೋಡಿಪಿನ್, ಮೆಟ್‌ಫಾರ್ಮಿನ್. ಇವೇನು ಅಪರೂಪದ ಔಷಧಿಗಳಲ್ಲ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಇರಬೇಕಾದವು. ಬಿಪಿ ಮಾತ್ರೆ ವಾರಕ್ಕಾಗುವಷ್ಟು ಕೊಟ್ಟರು. ಶುಗರ್ ಮಾತ್ರೆಗೆ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಅಂದರು. ಮತ್ತೆ ವೈದ್ಯರ ಹತ್ತಿರ ಹೋದೆವು. ಮಂಡಿ ನೋವಿನ ಅಮ್ಮ ಮತ್ತೆ ಸಾಲಿನಲ್ಲಿ ನಿಲ್ಲಬೇಕಾಯಿತು. ವೈದ್ಯರು ಒಪಿಡಿ ಚೀಟಿಯಲ್ಲಿ ಬರೆಯಲಿಲ್ಲ, ಬೇರೊಂದು ತುಂಡು ಕಾಗದದಲ್ಲಿ ಒಂದು ಕಂಪನಿಯ ಮಾತ್ರೆಯ ಹೆಸರು ಬರೆದುಕೊಟ್ಟರು. ಕಂಪನಿಯ ಹೆಸರಲ್ಲ, ಔಷಧಿಯ ಮೂಲ (ಜೆನೆರಿಕ್) ಹೆಸರನ್ನು ಓದುವಂತೆ ಬರೆಯಬೇಕೆಂದು ವೈದ್ಯಕೀಯ ಮಂಡಳಿಯ ನಿಯಮ 2016ರಲ್ಲೇ ಬಂದಿದೆ. 2023ರ ಆಗಸ್ಟ್‌ನಲ್ಲಿ ಇನ್ನೂ ಬಿಗಿಯಾದ ನಿಯಮ ತಂದರು, ವೈದ್ಯರ ಸಂಘಗಳು ಗಲಾಟೆ ಮಾಡಿದ ಮೇಲೆ ಅದೇ ತಿಂಗಳು ತಡೆಹಿಡಿದರು. ರೋಗಿಗಳ ಪರವಾಗಿ ಗಲಾಟೆ ಮಾಡಲು ಯಾರಿದ್ದಾರೆ?

ಎದುರಿನ ಮೆಡಿಕಲ್‌ನಲ್ಲಿ ಬೇರೆ ಕಥೆ. ಅದೇ ಔಷಧಿ ಕಡಿಮೆ ಬೆಲೆಯ ಬೇರೆ ಕಂಪನಿಯದು ಕೊಡಿ ಅಂದರೆ, ಡಾಕ್ಟರ್ ಬರೆದದ್ದೇ ಕೊಡುವುದು ಅಂದರು. ಹತ್ತು ಮಾತ್ರೆ ಸಾಕು ಅಂದರೆ ಸ್ಟ್ರಿಪ್ ಕತ್ತರಿಸುವುದಿಲ್ಲ ಅಂದರು. ಕೊಡುತ್ತಿದ್ದವನು ಕಾಲೇಜು ಹುಡುಗನ ಹಾಗಿದ್ದ. ನೋಂದಾಯಿತ ಫಾರ್ಮಾಸಿಸ್ಟ್ ಎಲ್ಲಿ ಎಂದು ಕೇಳಿದ್ದಕ್ಕೆ ಊಟಕ್ಕೆ ಹೋಗಿದ್ದಾರೆ ಎಂಬ ಉತ್ತರ. ಬೆಳಿಗ್ಗೆ ಹನ್ನೊಂದಕ್ಕೆ ಯಾವ ಊಟ? ಔಷಧಿಯನ್ನು ನೋಂದಾಯಿತ ಫಾರ್ಮಾಸಿಸ್ಟೇ ಕೊಡಬೇಕು ಎನ್ನುವ ಫಾರ್ಮಸಿ ಕಾಯ್ದೆ ಬಂದದ್ದು 1948ರಲ್ಲಿ. ಇದನ್ನೆಲ್ಲ ನೋಡಬೇಕಾದ ಡ್ರಗ್ ಇನ್‌ಸ್ಪೆಕ್ಟರ್ ಈ ಬೀದಿಗೆ ಬಂದದ್ದನ್ನು ಕಂಡವರನ್ನು ನಾನಿನ್ನೂ ನೋಡಿಲ್ಲ.

ಆಸ್ಪತ್ರೆ ಆವರಣದಲ್ಲೇ ಕೇಂದ್ರ ಸರ್ಕಾರದ ಯೋಜನೆಯ ಜನೌಷಧಿ ಕೇಂದ್ರ ಇತ್ತು. ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಮಾತ್ರೆ ಸಿಗುತ್ತಿತ್ತು. 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಈ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ ಆದೇಶ ಮಾಡಿತು. ಒಳಗೇ ಉಚಿತವಾಗಿ ಔಷಧಿ ಕೊಡುತ್ತೇವಲ್ಲ ಎಂಬುದು ಕಾರಣ. ವಿಷಯ ಹೈಕೋರ್ಟಿಗೂ ಹೋಯಿತು. ನಮ್ಮಲ್ಲಿ ಶಟರ್ ಎಳೆದದ್ದು ಎಳೆದ ಹಾಗೇ ಇದೆ. ಉಚಿತದ್ದೂ ಇಲ್ಲ, ಅಗ್ಗದ್ದೂ ಇಲ್ಲ. ಕೇಂದ್ರ, ರಾಜ್ಯ ಅಂತ ಇವರು ಜಗಳ ಆಡಲಿ, ಆದರೆ ವಯಸ್ಸಾದವರ ಮಾತ್ರೆ ಮೇಲೆ ಯಾಕೆ?

ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಆಸ್ಪತ್ರೆಯ ಫಾರ್ಮಾಸಿಸ್ಟ್ ಬೇಡಿಕೆ ಪಟ್ಟಿ (ಇಂಡೆಂಟ್) ಕಳಿಸಿದ್ದೇವೆ ಅನ್ನುತ್ತಾರೆ. ಉಗ್ರಾಣದವರು ಔಷಧಿ ಪೂರೈಸುವ ಸರ್ಕಾರಿ ನಿಗಮದಿಂದ ಬಂದಿಲ್ಲ ಅನ್ನುತ್ತಾರೆ. ಟೆಂಡರ್ ಆಗಿಲ್ಲ ಎಂಬ ಮಾತು ಕೊನೆಗೆ ಬರುತ್ತದೆ. ಟೆಂಡರ್ ಆದಾಗಲೂ ನೆಮ್ಮದಿ ಇಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಆಸ್ಪತ್ರೆಗೆ ಪೂರೈಕೆಯಾದ, ಡ್ರಿಪ್ ಹಾಕುವ ಐವಿ ದ್ರಾವಣದ ಮೇಲೇ ಅನುಮಾನ ಬಂತು. ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. ತಾಯಿ ಕಳೆದುಕೊಂಡ ಕೂಸುಗಳಿಗೆ ಅದರಿಂದ ಏನು ಬಂತು?

ಇದೇ ಆಸ್ಪತ್ರೆಯ ಕುಡಿಯುವ ನೀರಿನ ಫಿಲ್ಟರ್ ಕೆಟ್ಟು ವರ್ಷಗಳೇ ಆದವು. ಕುಂದುಕೊರತೆ ಸಭೆಯಲ್ಲಿ ಅರ್ಜಿ ಕೊಟ್ಟಿದ್ದೆ. ‘ಪರಿಶೀಲಿಸಲಾಗುವುದು’ ಎಂದು ಹಿಂಬರಹ ಬಂತು, ನೀರು ಬರಲಿಲ್ಲ. ಸಚಿವರು ಬರುತ್ತಾರೆ ಎಂದ ದಿನ ಮಾತ್ರ ಗೋಡೆಗೆ ಸುಣ್ಣ, ಹಾಸಿಗೆಗೆ ಹೊಸ ಬೆಡ್‌ಶೀಟ್. ಬಸ್ ನಿಲ್ದಾಣದಿಂದ ಆಸ್ಪತ್ರೆಗೆ ಬರುವ ರಸ್ತೆಯ ಹೊಂಡಗಳನ್ನೂ ಆಗ ತುಂಬಿದ್ದರು, ಒಂದೇ ಮಳೆಗೆ ಎದ್ದುಹೋದವು.

ಮೊದಲು ಮಾತ್ರೆ ತರಿಸಿ. ತರಿಸಲು ಆಗದಿದ್ದರೆ ಮುಚ್ಚಿದ ಜನೌಷಧಿ ಕೇಂದ್ರವನ್ನಾದರೂ ತೆರೆಸಿ. ಯಾವ ಔಷಧಿ ಇದೆ, ಯಾವುದಿಲ್ಲ ಎಂದು ದಿನಾ ಬೋರ್ಡಿನಲ್ಲಿ ಬರೆಯಿರಿ, ಬಡವರ ಬಸ್ ಚಾರ್ಜಾದರೂ ಉಳಿಯುತ್ತದೆ. ಜಿಲ್ಲಾಡಳಿತ ಇದನ್ನು ಗಂಭೀರವಾಗಿ ನೋಡಬೇಕು. ಅದೂ ಆಗದಿದ್ದರೆ ಕೊರತೆ ಇಲ್ಲ ಎಂದು ಪತ್ರಿಕೆಗೆ ಹೇಳಿಕೆ ಕೊಡುವುದನ್ನಾದರೂ ನಿಲ್ಲಿಸಲಿ. ಸಂಬಳ ತೆಗೆದುಕೊಂಡು ಹಸಿ ಸುಳ್ಳು ಹೇಳಲು ನಾಚಿಕೆ ಆಗಬೇಕು.

– ನೊಂದ ಓದುಗ